ಓದುಗರ ಪ್ರಶ್ನೆ, ನನ್ನ ಉತ್ತರ: ಹುಡುಗಿ ಓಡಿಹೋದ ಮರುದಿನ

ಕಳೆದ ಸಂಚಿಕೆಯಲ್ಲಿ ಮಣಿಪುರಿ ಪ್ರೇಮಕಥೆಗಳ ಬಗ್ಗೆ ಒಂದೆರಡು ಮಾತು ಬರೆದಿದ್ದೆ. ಹುಡುಗಿ ಓಡಿಹೋಗುವ ಒಂದು ಕಥೆ ಹೇಳಿ, ಕೊಂಕಣಿಗೂ ಮಣಿಪುರಿಗೂ ನಂಟಿದೆ ಅಂತಲೂ ಸೇರಿಸಿದ್ದೆ. ಇಂಫಾಲದ ಶಾಲೆಯೊಂದರಲ್ಲಿ ಮೇಡಮ್ಮಾಗಿದ್ದ ಕಾಲದಲ್ಲಿ ಮನೆ ಮಾಲಕಿಯ ಜೊತೆ ಹರಟುತ್ತಾ ಆ ಭಾಷೆ ಕಲಿತೆ ಅಂತಲೂ ಹೇಳಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಅಡುಗೆ ಮತ್ತು ಕೈತೋಟದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ (ಉಪನ್ಯಾಸಕಿ, ಹಾಸನ): ಮೇಡಂ, ಮಣಿಪುರ ಅಂದ್ರೆ ನಮಗೆ ಗೊತ್ತಿರುವುದು ಬಾಕ್ಸಿಂಗ್, ರಾಸಲೀಲೆ ಮತ್ತು ಪೇಪರಿನಲ್ಲಿ ಬರುವ ಗಲಾಟೆ. ಅಷ್ಟು ಚಿಕ್ಕ ಭಾಷೆಯಲ್ಲಿ ಪ್ರೇಮ ಕಾದಂಬರಿ ಬರೆಯುವವರೂ ಇದ್ದಾರಾ?

ಧಾರಾಳವಾಗಿ ಇದ್ದಾರೆ. 2011ರ ಜನಗಣತಿಯಲ್ಲಿ ಮಣಿಪುರಿ ತಮ್ಮ ತಾಯ್ನುಡಿ ಅಂತ ಬರೆಸಿದವರು ಸುಮಾರು 17.6 ಲಕ್ಷ. ಅದೇ ಗಣತಿಯಲ್ಲಿ ನಿಮ್ಮ ಹಾಸನ ಜಿಲ್ಲೆಯ ಜನಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಹಾಸನದವರಷ್ಟೇ ಜನ ಸೇರಿಕೊಂಡು ಕಾದಂಬರಿ, ನಾಟಕ, ಸಿನಿಮಾ, ರೇಡಿಯೊ ನಾಟಕ ಎಲ್ಲವನ್ನೂ ನಡೆಸುತ್ತಿದ್ದಾರೆ ಅಂತ ಲೆಕ್ಕ ಹಾಕಿ.

ಮೊದಲ ಮಣಿಪುರಿ ಕಾದಂಬರಿಯೇ ಪ್ರೇಮಕಥೆ. 1930ರ 'ಮಾಧಬಿ'. ಬರೆದ ಲಮಾಬಮ್ ಕಮಲ್ ವೃತ್ತಿಯಲ್ಲಿ ಡಾಕ್ಟರು, ಮನಸ್ಸಿನಲ್ಲಿ ಕವಿ. 1935ರಲ್ಲಿ, ನಲವತ್ತೂ ತುಂಬುವ ಮೊದಲೇ ತೀರಿಕೊಂಡರು. ಒಬ್ಬ ಹುಡುಗ, ಅವನನ್ನು ಇಷ್ಟಪಡುವ ಇಬ್ಬರು ಹುಡುಗಿಯರು. ಅದರಲ್ಲಿ ಒಬ್ಬಳು ಬಾಯಿಬಿಟ್ಟು ಹೇಳದೆ ದಾರಿ ಬಿಟ್ಟುಕೊಡುತ್ತಾಳೆ. ಕಾದಂಬರಿಗೆ ಅವಳ ಹೆಸರೇ.

ಅದೇ ತಲೆಮಾರಿನ ಹಿಜಮ್ ಅಂಗಾಂಘಲ್ 'ಜಹೇರಾ' ಬರೆದರು. ಮೈತೇಯಿ (ಮಣಿಪುರಿ ತಾಯ್ನುಡಿಯ ಕಣಿವೆಯ ಜನ) ಹಿಂದೂ ಹುಡುಗ, ಮುಸ್ಲಿಂ ಹುಡುಗಿ. ಅಂಗಾಂಘಲ್ ತೀರಿಕೊಂಡಿದ್ದು 1943ರಲ್ಲಿ, ಪುಸ್ತಕ ಅಚ್ಚಾಗಿದ್ದು 1964ರಲ್ಲಿ. ಮಣಿಪುರದಲ್ಲಿ ಪಾಂಗಲ್ ಅಂತ ಕರೆಸಿಕೊಳ್ಳುವ ಮುಸ್ಲಿಮರು ನೂರಾರು ವರ್ಷದಿಂದ ಇದ್ದಾರೆ, ಮಣಿಪುರಿಯನ್ನೇ ಮಾತಾಡುತ್ತಾರೆ. ಹಾಗಾಗಿ ಅದು ದೂರದ ಊರಿನ ಕಲ್ಪನೆ ಆಗಿರಲಿಲ್ಲ, ಪಕ್ಕದ ಬೀದಿಯ ಕಥೆ ಆಗಿತ್ತು.

ಪ್ರಶ್ನೆ (ನಿವೃತ್ತ ನೌಕರರು, ಬಾಗಲಕೋಟೆ): ನೀವು ಹೇಳಿದ ಕಥೀಯೊಳಗೆ ಹುಡುಗಿ ಓಡಿ ಹೋಗ್ತಾಳ. ಮಣಿಪುರದ ಬ್ಯಾರೆ ಎರಡು ಸಿನಿಮಾ ನೋಡಿದೆ, ಅಲ್ಲೂ ಓಡಿ ಹೋಗ್ತಾರ. ಇದನ್ನ ಸಂಸ್ಕೃತಿ ಅಂತ ಬರೀತೀರಲ್ರೀ ಮೇಡಂ, ಹುಡುಗರು ಓದಿದ್ರ ಏನಾಗಬೇಕು?

ಸರ್, ನಿಮ್ಮ ಸಿಟ್ಟು ಅರ್ಥವಾಯಿತು. ಆದರೆ ಅಲ್ಲಿ ಓಡಿಹೋಗುವುದು ಸಂಪ್ರದಾಯ ಮುರಿಯುವ ಕೆಲಸ ಅಲ್ಲ. ಸಂಪ್ರದಾಯವೇ ಅದು. ಅದಕ್ಕೆ 'ಚೆನ್ಬಾ' ಅನ್ನುತ್ತಾರೆ, ಅದಕ್ಕೂ ಕಟ್ಟುಪಾಡಿದೆ.

ಹುಡುಗ ಹುಡುಗಿ ಮೊದಲೇ ಮಾತಾಡಿಕೊಂಡಿರುತ್ತಾರೆ. ಒಂದು ಸಂಜೆ ಹುಡುಗಿ ಮನೆಗೆ ವಾಪಸ್ ಬರುವುದಿಲ್ಲ. ಹುಡುಗ ಅವಳನ್ನು ಹೆಚ್ಚಾಗಿ ತನ್ನ ಮನೆಗೆ ಕರೆದೊಯ್ಯುವುದಿಲ್ಲ, ನೆಂಟರ ಅಥವಾ ಗೆಳೆಯರ ಮನೆಗೆ ಕರೆದುಕೊಂಡು ಹೋಗುತ್ತಾನೆ. ಬೆಳಗಾದ ಮೇಲೆ ಹುಡುಗನ ಕಡೆಯ ಹಿರಿಯರು ಹುಡುಗಿಯ ಮನೆಗೆ ಹೋಗಿ, ನಿಮ್ಮ ಮಗಳು ನಮ್ಮಲ್ಲಿದ್ದಾಳೆ, ಮದುವೆಗೆ ಒಪ್ಪಿಗೆ ಕೊಡಿ ಅಂತ ಕೇಳುತ್ತಾರೆ. ಇದು 'ಹೈದೋಕ್ಪಾ'. ಹುಡುಗಿಯ ಮನೆಯವರು ಒಪ್ಪಿದರೆ ಸಾಮಾನ್ಯವಾಗಿ ಮಗಳನ್ನು ಒಮ್ಮೆ ಮನೆಗೆ ಕರೆಸಿಕೊಂಡು, ಆಮೇಲೆ ಲಕ್ಷಣವಾಗಿ ಮದುವೆ ಮಾಡಿಕೊಡುತ್ತಾರೆ. ಅಷ್ಟು ಖರ್ಚು ಬೇಡ ಅಂದರೆ ಸರಳವಾಗಿ ಒಪ್ಪಿಕೊಳ್ಳುವ 'ಲೌಖತ್ಪಾ' ಇದೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಯಾವೋಶಾಂಗ್ ಹಬ್ಬದ ದಿನಗಳು. ನಮ್ಮ ಹೋಳಿ ಹುಣ್ಣಿಮೆಗೇ ಶುರುವಾಗಿ ಐದು ದಿನ ನಡೆಯುವ ಹಬ್ಬ. ರಾತ್ರಿ ಬೀದಿ ಬೀದಿಯಲ್ಲಿ ಥಾಬಲ್ ಚೋಂಗ್ಬಾ ಇರುತ್ತದೆ. ಹುಡುಗರು ಹುಡುಗಿಯರು ಕೈಕೈ ಹಿಡಿದು ದೊಡ್ಡ ಸುತ್ತು ಕಟ್ಟಿಕೊಂಡು ಕುಣಿಯುತ್ತಾರೆ. ಹಿಂದೆ ಬೆಳದಿಂಗಳಲ್ಲಿ ಕುಣಿಯುತ್ತಿದ್ದರಂತೆ, ಈಗ ಟ್ಯೂಬ್‌ಲೈಟು, ಬ್ಯಾಂಡು. ನಾನು ಬಾಡಿಗೆಗಿದ್ದ ಮನೆಯ ಮಾಲಕಿಯನ್ನು ಇಮಾ ಅಂತಲೇ ಕರೆಯುತ್ತಿದ್ದೆ, ಅಮ್ಮ ಅಂತ. ಅವರ ಚಿಕ್ಕ ಮಗಳು ಆ ರಾತ್ರಿ ಕುಣಿಯಲು ಹೋದವಳು ವಾಪಸ್ ಬರಲಿಲ್ಲ.

ಬೆಳಿಗ್ಗೆ ಬಿಳಿ ಪಂಚೆ ಉಟ್ಟ ಹಿರಿಯರು ಬಂದರು. ಇಮಾ ಜಗಲಿಯಲ್ಲಿ ಅವರಿಗೆ ಚಾಪೆ ಹಾಕಿದರು. ಮಾತಿಲ್ಲ, ಕತೆಯಿಲ್ಲ. ತಾವೂ ಒಂದು ಮೂಲೆಯಲ್ಲಿ ಕೂತು, ಚಾಪೆಯ ಅಂಚಿನ ಜೊಂಡನ್ನು ಉಗುರಲ್ಲಿ ಎಳೆಯುತ್ತಾ ಇದ್ದರು. ಬಂದವರು ಬಹಳ ವಿನಯವಾಗಿ, ಸುತ್ತಿ ಬಳಸಿ ಮಾತಾಡಿದರು. ಎಲ್ಲ ಮುಗಿದ ಮೇಲೆ ಇಮಾ ಕೇಳಿದ್ದು ಎರಡೇ ಪ್ರಶ್ನೆ. 'ಹುಡುಗ ಯಾವ ಸಲಾಯ್?' ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು, 'ರಾತ್ರಿ ಅವಳು ಊಟ ಮಾಡಿದಳಾ?'

ಮಣಿಪುರಿ ಪ್ರೇಮಕಥೆಗಳ ಜೀವ ಇರುವುದು ಈ ಜಗಲಿಯಲ್ಲಿ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆಯ ಎಷ್ಟೋ ಕಥೆಗಳಲ್ಲಿ ಓಡಿಹೋಗುವುದೇ ಕ್ಲೈಮ್ಯಾಕ್ಸ್. ಬಸ್ಸು ಹೊರಟರೆ ಕಥೆ ಮುಗಿಯಿತು. ಅಲ್ಲಿ ಅದು ಮೂರನೇ ಅಧ್ಯಾಯಕ್ಕೇ ಆಗಿಹೋಗಿರುತ್ತದೆ. ಆಮೇಲೆ ಬರುವುದೇ ಮುಖ್ಯ. ಮರುದಿನ ಯಾರು ಹೋಗಿ ಕೇಳುತ್ತಾರೆ? ಹುಡುಗನ ಮನೆಯವರು ಹೋಗುವುದೇ ಇಲ್ಲ ಅಂದರೆ? ವಾಪಸ್ ಕರೆಸಿಕೊಂಡ ಹುಡುಗಿ ಮನಸ್ಸು ಬದಲಿಸಿದರೆ? ಓಡಿಬಂದ ರಾತ್ರಿಯೇ ಅವಳಿಗೆ ಇವನು ಸರಿಯಿಲ್ಲ ಅನ್ನಿಸಿಬಿಟ್ಟರೆ? ಒಂದು ರಾತ್ರಿ ಹೊರಗೆ ಕಳೆದ ಹುಡುಗಿ ಒಬ್ಬಳೇ ವಾಪಸ್ ಬಂದರೆ ಊರು ಏನನ್ನುತ್ತದೆ ಅನ್ನುವುದು ಅಲ್ಲೂ ಇಲ್ಲೂ ಒಂದೇ. ಆ ಭಯವನ್ನು ಹೆಂಗಸರು ಬರೆದ ಕಥೆಗಳಲ್ಲಿ ಜಾಸ್ತಿ ಕಾಣುತ್ತೀರಿ.

ಸಲಾಯ್ ಅಂದೆನಲ್ಲ, ಅದು ಕುಲ. ಮೈತೇಯಿಗಳಲ್ಲಿ ಏಳು ಸಲಾಯ್. ನಮ್ಮಲ್ಲಿ ಬೆಡಗು, ಬಳಿ ನೋಡುವಂತೆ ಅಲ್ಲಿ ಇದನ್ನು ನೋಡುತ್ತಾರೆ. ಒಂದೇ ಸಲಾಯ್‌ನವರು ಮದುವೆ ಆಗುವಂತಿಲ್ಲ. ಓಡಿಹೋಗುವುದಕ್ಕೆ ದಾರಿ ಬಿಡುವ ಸಮಾಜ ಇಲ್ಲಿ ಮಾತ್ರ ಬಾಗಿಲು ಹಾಕಿಬಿಡುತ್ತದೆ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಗಂಟು ಇನ್ನೆಲ್ಲಿ ಸಿಗಬೇಕು?

ಇನ್ನೊಂದು ಮಾತು. ಅವರ ದೇವತೆಯೇ ಗಂಡನ ಮನೆ ಬಿಟ್ಟು ಹೋದವಳು. ಪಾಂಥೋಯ್ಬಿಯನ್ನು ಖಾಬಾ ಕುಲಕ್ಕೆ ಮದುವೆ ಮಾಡಿಕೊಟ್ಟಿದ್ದರು. ಅವಳು ನೊಂಗ್‌ಪೋಕ್ ನಿಂಗ್‌ಥೌ ಅನ್ನುವವನಿಗೆ ಮನಸ್ಸು ಕೊಟ್ಟು, ಅವನ ಜೊತೆ ಹೊರಟೇಬಿಟ್ಟಳು. ಗಂಡನ ಮನೆಯವರು ಹುಡುಕಿಕೊಂಡು ಹೋದರು. ಆ ಹುಡುಕಾಟದ ಮೇಲೇ ಹಳೆಯ ಒಂದು ಗ್ರಂಥ ಇದೆ. ಲಾಯ್ ಹರಾವೋಬಾ ಅನ್ನುವ ದೇವರ ಹಬ್ಬದಲ್ಲಿ ಇವತ್ತಿಗೂ ಈ ಜೋಡಿಯ ಭೇಟಿಯನ್ನು ಆಡಿ ತೋರಿಸುತ್ತಾರೆ. ಗದ್ದೆಯ ಜಾಗಕ್ಕೆ ಜಗಳ ಮಾಡುವ ನೆಪದಲ್ಲಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ಕಿಚಾಯಿಸುವ ಭಾಗಕ್ಕೆ ಅಜ್ಜಿಯಂದಿರೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಹುಡುಗರು ಹಾಳಾಗುತ್ತಾರೆ ಅಂತ ಯಾರೂ ಹೇಳಿದ್ದು ನಾನು ಕೇಳಲಿಲ್ಲ ಸರ್.

ಇಮಾನ ಮಗಳ ಮದುವೆ ಚೆನ್ನಾಗಿಯೇ ಆಯಿತು. ಹುಡುಗಿ ಪೊತ್ಲೋಯ್ ಅನ್ನುವ ಮದುವೆಯ ಲಂಗ ಉಟ್ಟು, ಕೂತಿದ್ದ ಹುಡುಗನ ಸುತ್ತ ಏಳು ಸುತ್ತು ಬಂದು ಹಾರ ಹಾಕಿದಳು. ಎರಡೂ ಕಡೆಯ ಹೆಂಗಸರು ಒಂದೊಂದು ಮೀನನ್ನು ನೀರಿಗೆ ಬಿಟ್ಟರು. ಎರಡು ಮೀನೂ ಜೊತೆಯಾಗಿ ಈಜಿದರೆ ಸಂಸಾರ ಚೆನ್ನಾಗಿರುತ್ತದೆ ಅಂತ ನಂಬಿಕೆ. ಎಲ್ಲರೂ ಬಗ್ಗಿ ನೋಡಿದ್ದೇ ನೋಡಿದ್ದು.

ಪ್ರಶ್ನೆ (ಓದುಗರೊಬ್ಬರು, ಸಾಗರ): ಖಂಬಾ ಮತ್ತು ಥೋಯ್ಬಿ ಕಥೆಯ ಹೆಸರು ಕೇಳಿದ್ದೇನೆ. ಸಂಕ್ಷಿಪ್ತವಾಗಿ ಹೇಳಿ. ಕೊನೆಗೆ ಇಬ್ಬರೂ ಸಾಯುತ್ತಾರಂತೆ, ಯಾಕೆ?

ಊರು ಮೊಯಿರಾಂಗ್, ಲೋಕ್‌ತಾಕ್ ಕೆರೆಯ ದಡ. ಕೆರೆ ಅಂದೆ, ಆದರೆ ಸಮುದ್ರದ ಹಾಗಿದೆ. ಹುಲ್ಲಿನ ತೇಲುವ ದ್ವೀಪಗಳಿರುವ ನೀರು. ಖಂಬಾ ತಬ್ಬಲಿ, ಅಕ್ಕ ಖಮ್ನು ದುಡಿದು ಸಾಕಿದ ತಮ್ಮ. ಥೋಯ್ಬಿ ರಾಜಮನೆತನದ ಹುಡುಗಿ. ಅವಳಿಗೆ ಮೊದಲು ಪರಿಚಯವಾಗಿದ್ದು ಅಕ್ಕ, ಅದೂ ಸಂತೆಯಲ್ಲಿ. ಥೋಯ್ಬಿ ಲೋಕ್‌ತಾಕ್‌ನಲ್ಲಿ ಮೀನು ಹಿಡಿಯಲು ಹೊರಟಾಗ ಗಂಡಸರು ಯಾರೂ ಆ ಕಡೆ ಹೋಗಬಾರದು ಅಂತ ರಾಜಾಜ್ಞೆ ಆಗುತ್ತದೆ. ಖಂಬಾ ದೋಣಿ ಹತ್ತಿ ಹೋಗಿಯೇಬಿಡುತ್ತಾನೆ.

ಆಮೇಲೆ ಪರೀಕ್ಷೆಗಳ ಮೇಲೆ ಪರೀಕ್ಷೆ. ಓಟದ ಪಂದ್ಯ, ಮದವೇರಿದ ಹೋರಿ ಹಿಡಿಯುವುದು, ಹುಲಿ ಬೇಟೆ. ಎದುರಾಳಿ ಕೊಂಗ್ಯಾಂಬಾ. ಹುಡುಗಿಯ ಅಪ್ಪ ಕೊಂಗ್ಯಾಂಬಾನ ಕಡೆ. ಮಗಳು ಮಾತು ಕೇಳಲಿಲ್ಲ ಅಂತ ಅವಳನ್ನು ಬರ್ಮಾ ಕಡೆಯ ಕಬಾವ್‌ಗೆ ಗಡೀಪಾರು ಮಾಡುತ್ತಾನೆ. ವಾಪಸ್ ಬರುವಾಗ ದಾರಿಯಲ್ಲಿ ಕೊಂಗ್ಯಾಂಬಾ ಅವಳನ್ನು ಕರೆದೊಯ್ಯಲು ಕಾಯುತ್ತಿರುತ್ತಾನೆ. ಥೋಯ್ಬಿ ನಯವಾಗಿ ಮಾತಾಡಿ, ಅವನ ಕುದುರೆಯನ್ನೇ ಏರಿ ಖಂಬನ ಮನೆಗೆ ಓಡಿಸುತ್ತಾಳೆ! ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು.

ಕೊನೆಯ ಭಾಗಕ್ಕೆ ಬಂದರೆ ನನಗೆ ಖಂಬನ ಮೇಲೆ ಕೋಪ ಬರುತ್ತದೆ. ಮದುವೆಯೂ ಆಯಿತು, ಸುಖವಾಗಿದ್ದಾರೆ. ಇವನಿಗೆ ಹೆಂಡತಿಯ ನಿಷ್ಠೆ ಪರೀಕ್ಷೆ ಮಾಡುವ ಚಪಲ. ರಾತ್ರಿ ಬೇರೆ ಗಂಡಸಿನ ಹಾಗೆ ನಟಿಸಿ ಗೋಡೆಯ ಸಂದಿನಿಂದ ಕೋಲು ತೂರಿಸುತ್ತಾನೆ. ಅವಳು ಈಟಿ ಎಸೆಯುತ್ತಾಳೆ. ಕೂಗಿದ ದನಿ ಗಂಡನದು ಅಂತ ಗೊತ್ತಾದಾಗ ಹೊತ್ತು ಮೀರಿರುತ್ತದೆ. ಅದೇ ಈಟಿಯಿಂದ ತಾನೂ ಸಾಯುತ್ತಾಳೆ. ಅಷ್ಟು ಪರೀಕ್ಷೆ ಗೆದ್ದವನು ಇನ್ನೊಬ್ಬರಿಗೆ ಪರೀಕ್ಷೆ ಇಡಬಾರದು ಅಂತ ಹೊಳೆಯಲಿಲ್ಲವಲ್ಲ.

ಮೊಯಿರಾಂಗ್‌ನ ಪುರಾಣದಲ್ಲಿ ಇಂಥ ಏಳು ಅವತಾರದ ಜೋಡಿಗಳಿವೆ, ಇವರು ಕೊನೆಯವರು. ಪೇನಾ ಅನ್ನುವ ಒಂದೇ ತಂತಿಯ ವಾದ್ಯ ನುಡಿಸುತ್ತಾ ಹಾಡುವವರು ಇವರನ್ನು ಉಳಿಸಿಕೊಂಡು ಬಂದರು. ಆಗಲೇ ಹೇಳಿದ ಅಂಗಾಂಘಲ್ ಅದನ್ನೆಲ್ಲ ಸೇರಿಸಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲಿನ ಮಹಾಕಾವ್ಯ ಬರೆದರು. ಇವತ್ತಿನ ಕಥೆಗಳಲ್ಲೂ ಅಕ್ಕನ ಪಾತ್ರ ಗಮನಿಸಿ. ಪ್ರೇಮಿಗಳ ಮಧ್ಯೆ ಮಾತು ತರುವವಳು, ಸಂತೆಯಲ್ಲಿ ಕೂತು ತಮ್ಮನ ಫೀಸು ಕಟ್ಟುವವಳು, ತನ್ನ ಮದುವೆ ಮುಂದೆ ಹಾಕುವವಳು. ಇಚೆ ಅಂತ ಕರೆಸಿಕೊಳ್ಳುವ ಈ ಅಕ್ಕ ಖಮ್ನುವಿನ ಮೊಮ್ಮಗಳೇ. ಇಂಫಾಲದ ಇಮಾ ಕೈಥೆಲ್‌ಗೆ ಹೋಗಿ ನೋಡಿದರೆ, ಅಷ್ಟು ದೊಡ್ಡ ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ಕೂತವರೆಲ್ಲ ಹೆಂಗಸರು. ಕೈಯಲ್ಲಿ ದುಡ್ಡಿರುವ ಹೆಂಗಸರ ಊರಿನಲ್ಲಿ ಪ್ರೇಮಕಥೆಯ ನಾಯಕಿ ಸುಮ್ನೆ ಅಳುತ್ತಾ ಕೂರುವುದಿಲ್ಲ.

ಪ್ರಶ್ನೆ (ಓದುಗರು, ಕಾರವಾರ): ಕೊಂಕಣಿಗೂ ಮಣಿಪುರಿಗೂ ಏನೋ ನಂಟಿದೆ ಅಂತ ಬರೆದಿದ್ದಿರಿ. ನನಗಂತೂ ಒಂದು ಶಬ್ದವೂ ಹೊಂದಲಿಲ್ಲ.

ಹೊಂದುವುದಿಲ್ಲ ಬಿಡಿ. ಮಣಿಪುರಿ ಟಿಬೆಟೊ-ಬರ್ಮನ್ ಕುಟುಂಬದ್ದು. ನಂಟು ಇರುವುದು ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ, ಅಂದರೆ ಮಾನ್ಯ ಭಾಷೆಗಳ ಪಟ್ಟಿಯಲ್ಲಿ. ಕೊಂಕಣಿ, ಮಣಿಪುರಿ, ನೇಪಾಳಿ ಮೂರೂ 1992ರಲ್ಲಿ ಒಟ್ಟಿಗೆ ಸೇರಿದವು.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ನನ್ನ ಟೀಮಿನಲ್ಲಿ ಇಂಫಾಲದ ಹುಡುಗಿ ಇದ್ದಾಳೆ. ಊಟದ ಹೊತ್ತಲ್ಲಿ ಫೋನಿನಲ್ಲಿ ಕಥೆ ಓದುತ್ತಾಳೆ. ಇಣುಕಿದರೆ ಇಂಗ್ಲಿಷ್ ಅಕ್ಷರ, ಆದರೆ ಇಂಗ್ಲಿಷ್ ಅಲ್ಲ. ಏನದು?

ಮೊದಲು, ಇನ್ನೊಬ್ಬರ ಫೋನಿನಲ್ಲಿ ಇಣುಕಬಾರದು ತಮ್ಮಾ.

ಅದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಣಿಪುರಿ ಧಾರಾವಾಹಿ ಕಥೆ. ಕಂತು ಕಂತಾಗಿ ಬರುತ್ತವೆ, ಹೆಚ್ಚಿನವು ಪ್ರೇಮಕಥೆ. ಮುಂದಿನ ಕಂತು ಯಾವಾಗ ಅಂತ ಓದುಗರು ಪೀಡಿಸುತ್ತಾರೆ. ಓದುವುದಕ್ಕೆ ಸಮಯ ಇಲ್ಲದವರಿಗೆ ಯೂಟ್ಯೂಬಿನಲ್ಲಿ ಯಾರಾದರೂ ಓದಿ ಹೇಳುತ್ತಾರೆ.

ಇಂಗ್ಲಿಷ್ ಅಕ್ಷರ ಯಾಕೆ ಅಂದರೆ ಲಿಪಿಯ ಕಥೆ ಸ್ವಲ್ಪ ಉದ್ದ. ಮಣಿಪುರಿಗೆ ತನ್ನದೇ ಲಿಪಿ ಇತ್ತು, ಮೈತೇಯಿ ಮಯೆಕ್. ತಲೆ, ಕೂದಲು, ಕಣ್ಣು ಅಂತ ಮೈಯ ಭಾಗಗಳ ಹೆಸರೇ ಅಕ್ಷರಗಳಿಗೆ. ಹದಿನೆಂಟನೇ ಶತಮಾನದಲ್ಲಿ ವೈಷ್ಣವ ಧರ್ಮ ಹಿಡಿದ ರಾಜರ ಕಾಲದಿಂದ ಬಂಗಾಳಿ ಲಿಪಿ ನೆಲೆಯೂರಿತು. 'ಮಾಧಬಿ' ಎಲ್ಲ ಅಚ್ಚಾಗಿದ್ದು ಅದರಲ್ಲೇ. ಹಳೆಯ ಲಿಪಿ ಬೇಕು ಅಂತ ದೊಡ್ಡ ಹೋರಾಟ ನಡೆಯಿತು. 2005ರ ಏಪ್ರಿಲ್‌ನಲ್ಲಿ ಇಂಫಾಲದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೇ ಬೆಂಕಿ ಬಿತ್ತು. ಭಾಷೆಯ ಪ್ರೀತಿಗೆ ಪುಸ್ತಕ ಸುಡುವುದು ನನಗೆ ಇವತ್ತಿಗೂ ಅರಗುವುದಿಲ್ಲ. ಆಮೇಲೆ ಶಾಲೆಗಳಿಗೆ ಮೈತೇಯಿ ಮಯೆಕ್ ಬಂತು. 2023ರ ಜನವರಿಯಲ್ಲಿ ದಿನಪತ್ರಿಕೆಗಳೂ ಅದಕ್ಕೆ ಬದಲಾದವು.

ಪರಿಣಾಮ ನೋಡಿ. ಅಜ್ಜಿಗೆ ಬಂಗಾಳಿ ಲಿಪಿ ಮಾತ್ರ ಬರುತ್ತದೆ. ಶಾಲೆಗೆ ಹೋಗುವ ಮೊಮ್ಮಗಳು ಮೈತೇಯಿ ಮಯೆಕ್ ಓದುತ್ತಾಳೆ. ನಡುವಿನವರು, ದೆಹಲಿ ಬೆಂಗಳೂರಿನಲ್ಲಿ ಕೆಲಸಕ್ಕಿರುವವರು, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತುತ್ತಾರೆ. ಒಂದೇ ಮನೆಯ ಮೂರು ತಲೆಮಾರಿಗೆ ಮೂರು ಲಿಪಿ. ಪ್ರೇಮಕಥೆಯನ್ನು ಮೂವರೂ ಸೇರಿ ಅನುಭವಿಸಬೇಕು ಅಂದರೆ ಒಬ್ಬರು ಗಟ್ಟಿಯಾಗಿ ಓದಲೇಬೇಕು. ಒಲೆಯ ಪಕ್ಕ ಕೂತು ಅಜ್ಜಿ ಹೇಳುವ 'ಫುಂಗಾ ವಾರಿ' ಅಲ್ಲಿನ ಹಳೆಯ ರೂಢಿ. ಈಗ ಅಜ್ಜಿ ಕೇಳುತ್ತಾಳೆ, ಮೊಮ್ಮಗಳ ಫೋನು ಹೇಳುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, ಮೈಸೂರು): ಮಣಿಪುರದ ಹುಡುಗರ ಹೇರ್‌ಸ್ಟೈಲ್ ಎಲ್ಲ ಕೊರಿಯನ್ ಸೀರಿಯಲ್ ಥರ ಇರುತ್ತೆ. ಕಥೆಗಳೂ ಹಾಗೇನಾ?

ಸ್ವಲ್ಪ ಹೌದು. 2000ನೇ ಇಸವಿಯಲ್ಲಿ ಭೂಗತ ಸಂಘಟನೆಯೊಂದು ಹಿಂದಿ ಸಿನಿಮಾ ತೋರಿಸಬಾರದು ಅಂತ ಕಟ್ಟಪ್ಪಣೆ ಮಾಡಿತು. ಖಾಲಿಯಾದ ಟಾಕೀಸುಗಳನ್ನು ಕಡಿಮೆ ಖರ್ಚಿನ ಮಣಿಪುರಿ ವಿಡಿಯೊ ಸಿನಿಮಾಗಳು ತುಂಬಿದವು, ಮನೆಯ ಟಿವಿಯನ್ನು ಕೊರಿಯಾ ತುಂಬಿತು. ಮಳೆಯಲ್ಲಿ ಕೊಡೆ ಹಿಡಿದು ಕಾಯುವ ಮೌನಿ ಹುಡುಗ ಅಲ್ಲಿಂದ ಬಂದವನೇ ಇರಬೇಕು. ಆದರೆ ಅವನ ಜೊತೆ ಓಡಿಹೋದ ಮೇಲೆ ಮತ್ತೆ ಜಗಲಿ, ಚಾಪೆ, ಸಲಾಯ್. ಅದನ್ನು ಕೊರಿಯಾದವರು ಕಲಿಸಲಿಲ್ಲ.

ಪ್ರಶ್ನೆ (ಓದುಗರು, ಉಡುಪಿ): 2023ರ ನಂತರವೂ ಅಲ್ಲಿ ಪ್ರೇಮಕಥೆ ಬರೆಯುತ್ತಾರಾ? ಮನಸ್ಸಾದರೂ ಹೇಗೆ ಬರುತ್ತದೆ?

ಆ ವರ್ಷ ಮೇ 3ರಿಂದ ಕಣಿವೆಯ ಮೈತೇಯಿ ಮತ್ತು ಬೆಟ್ಟದ ಕುಕಿ-ಜೋ ಜನರ ನಡುವೆ ಶುರುವಾದ ಹಿಂಸೆಯಲ್ಲಿ ಸಾವಿರಾರು ಕುಟುಂಬ ಮನೆ ಕಳೆದುಕೊಂಡವು. ತಿಂಗಳುಗಟ್ಟಲೆ ಮೊಬೈಲ್ ಇಂಟರ್ನೆಟ್ ಇರಲಿಲ್ಲ. ಅಂದರೆ ಫೋನಿನ ಧಾರಾವಾಹಿಗಳೂ ಅರ್ಧಕ್ಕೇ ನಿಂತವು. ಎರಡೂ ಕಡೆಯ ರಕ್ತ ಹಂಚಿಕೊಂಡ ಸಂಸಾರಗಳಿದ್ದವು. ಗಂಡ ಕಣಿವೆಯಲ್ಲಿ, ಹೆಂಡತಿ ಮಕ್ಕಳು ಬೆಟ್ಟದ ಕಡೆ ಅಂತ ಒಡೆದು ಹೋದವು. ಬೆಟ್ಟದ ಹುಡುಗಿ, ಕಣಿವೆಯ ಹುಡುಗ ಅನ್ನುವ ಕಥೆಯನ್ನು ಹಿಂದೆ ಹಗುರಾಗಿ ಬರೆಯಬಹುದಿತ್ತು. ಈಗ ಅದನ್ನು ಬರೆಯುವವರಿಗೆ ಎರಡೂ ಕಡೆಯಿಂದ ಬೈಗುಳ ಕಾದಿರುತ್ತದೆ.

ಮನಸ್ಸು ಹೇಗೆ ಬರುತ್ತದೆ ಅಂತ ನಾನೂ ಇಮಾನನ್ನು ಫೋನಿನಲ್ಲಿ ಕೇಳಿದೆ. 'ಕಥೆ ಕೇಳದೆ ನಿದ್ದೆ ಬರಬೇಕಲ್ಲ' ಅಂದರು. ಜಾಸ್ತಿ ಕೆದಕಲಿಲ್ಲ.

ಪ್ರಶ್ನೆ (ಗೃಹಿಣಿ, ತುಮಕೂರು): ಅಕ್ಕಾ, ಇಷ್ಟೆಲ್ಲ ಹೇಳಿ ಹೊಟ್ಟೆ ಉರಿಸಬೇಡಿ. ಒಂದೇ ಒಂದು ಪುಸ್ತಕ ಓದುವುದಾದರೆ ಯಾವುದು?

ಎಂ.ಕೆ. ಬಿನೋದಿನಿ ದೇವಿಯವರ 'ಬೋರ್ ಸಾಹೇಬ್ ಓಂಗ್ಬಿ ಸನಾತೋಂಬಿ'. 1976ರಲ್ಲಿ ಬಂತು, 1979ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿನೋದಿನಿ ಮಹಾರಾಜ ಚುರಾಚಾಂದ್ ಅವರ ಮಗಳು. ಅರಿಬಮ್ ಶ್ಯಾಮ್ ಶರ್ಮಾ ಅವರ 'ಇಮಾಗಿ ನಿಂಗ್‌ಥೆಮ್', 'ಇಶಾನೌ' ಸಿನಿಮಾಗಳಿಗೆ ಚಿತ್ರಕಥೆ ಬರೆದವರೂ ಇವರೇ.

ಕಾದಂಬರಿಯ ಕಾಲ 1891ರ ಯುದ್ಧದ ಆಚೀಚೆ. ಬ್ರಿಟಿಷರು ಮಣಿಪುರವನ್ನು ಗೆದ್ದರು, ರಾಜಕುಮಾರ ಟಿಕೇಂದ್ರಜಿತ್‌ನನ್ನು ಜನರ ಕಣ್ಣೆದುರೇ ಗಲ್ಲಿಗೆ ಹಾಕಿದರು. ಸೋತ ಆ ರಾಜಮನೆತನದ ಹುಡುಗಿ ಸನಾತೋಂಬಿ. ಮದುವೆಯಾದವಳು. ಅವಳು ಮನಸ್ಸು ಕೊಟ್ಟಿದ್ದು ಗೆದ್ದವರ ಕಡೆಯ ಪೊಲಿಟಿಕಲ್ ಏಜೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಮ್ಯಾಕ್ಸ್‌ವೆಲ್‌ಗೆ. ಗಂಡನನ್ನು ಬಿಟ್ಟು ಅವನ ಜೊತೆ ಇರಲು ಹೋಗುತ್ತಾಳೆ. ಊರಿಗೆ ಅವಳು ದ್ರೋಹಿ. ಬಿನೋದಿನಿ ಅವಳ ಪರ ವಕಾಲತ್ತು ಮಾಡುವುದಿಲ್ಲ, ಛೀ ಅನ್ನುವುದೂ ಇಲ್ಲ. ಅರಮನೆಯ ಹೆಂಗಸರ ಮಾತಿನಲ್ಲಿ, ಗುಸುಗುಸಿನಲ್ಲಿ ಅವಳನ್ನು ಕಟ್ಟುತ್ತಾ ಹೋಗುತ್ತಾರೆ. ಅವರ ಮನೆತನದಲ್ಲೇ ಕೇಳಿಬಂದ ಕಥೆ ಅದು, ಹಾಗಾಗಿ ಬಟ್ಟೆ, ಊಟ, ಕೋಣೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಬಾಗಲಕೋಟೆಯ ಸರ್‌ಗೂ ಇದನ್ನೇ ಓದಿ ಅಂತೀನಿ. ಇಲ್ಲಿ ಓಡಿಹೋದವಳನ್ನು ಕೇಳಲು ಯಾವ ಹಿರಿಯರೂ ಜಗಲಿಗೆ ಬರುವಂತಿಲ್ಲ, ಅದೇ ಕಥೆ.

ಇಂಗ್ಲಿಷ್ ಓದುವ ಅಭ್ಯಾಸ ಇದ್ದರೆ ಬಿನೋದಿನಿಯವರ ಮಗ ಎಲ್. ಸೋಮಿ ರಾಯ್ ಮಾಡಿದ ಅನುವಾದ 2020ರಲ್ಲಿ ಬಂದಿದೆ. 'ದಿ ಪ್ರಿನ್ಸೆಸ್ ಆ್ಯಂಡ್ ದಿ ಪೊಲಿಟಿಕಲ್ ಏಜೆಂಟ್' ಅಂತ ಕೇಳಿ. ತುಮಕೂರಿನ ಅಂಗಡಿಯಲ್ಲಿ ಸಿಗದಿದ್ದರೆ ಆರ್ಡರ್ ಕೊಟ್ಟು ತರಿಸಿಕೊಳ್ಳಿ. ಮೊದಲ ಐವತ್ತು ಪುಟ ರಾಜರ ಹೆಸರುಗಳ ಗೋಜಲಿನಲ್ಲಿ ತಲೆ ಕೆಡುತ್ತದೆ, ಪುಸ್ತಕ ಮಡಚಿಡಬೇಡಿ.